ಬೇರೆ ಬೇರೆ ಕಂಪನಿಯ ಪಿಕಪ್ ಒಂದೇ ಗಿಟಾರ್‌ಗೆ ಹಾಕಬಹುದಾ?

ಹಾಕಬಹುದು. ನಾನು ಗಿಟಾರ್ ವೈರಿಂಗ್ ಮಾಡುತ್ತೇನೆ ಅಂತ ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಇದು. ಬ್ರಿಜ್ (ತಂತಿ ಕಟ್ಟುವ ತುದಿ) ಕಡೆಗೆ ಡಿಮಾರ್ಜಿಯೋ ಕಂಪನಿಯದು, ನೆಕ್ (ಗಿಟಾರಿನ ಕತ್ತು) ಕಡೆಗೆ ಸೀಮೋರ್ ಡಂಕನ್ ಕಂಪನಿಯದು ಹಾಕಿದರೆ ಏನಾದರೂ ತೊಂದರೆ ಆಗುತ್ತಾ?

ಎಲೆಕ್ಟ್ರಿಕ್ ಗಿಟಾರಿನ ತಂತಿ ಅದುರಿದ್ದನ್ನು ಸಿಗ್ನಲ್ ಮಾಡುವ ಪಿಕಪ್ ಅಂದರೆ ಆಯಸ್ಕಾಂತ, ಅದರ ಸುತ್ತ ತೀರಾ ಸಣ್ಣ ತಾಮ್ರದ ತಂತಿಯ ಸುರುಳಿ, ಅಷ್ಟೇ. ಕಂಪನಿ ಬೇರೆ ಅನ್ನುವುದರಿಂದಲೇ ಏನೂ ಕೆಡುವುದಿಲ್ಲ. ಕೆಡುವುದು ವೈರಿನ ಬಣ್ಣ ನಂಬಿದಾಗ.

ನಾಲ್ಕು ವೈರಿನ ಹಂಬಕರ್, ಅಂದರೆ ಹಮ್ (ಕರೆಂಟಿನ ಗುಂಯ್ ಸದ್ದು) ಅಡಗಿಸುವ ಜೋಡಿ ಸುರುಳಿಯ ಪಿಕಪ್ ತಗೊಳ್ಳಿ. ಒಳಗೆ ಎರಡು ಕಾಯಿಲ್, ಒಂದೊಂದಕ್ಕೂ ಎರಡು ತುದಿ. ಡಂಕನ್‌ನಲ್ಲಿ ಕಪ್ಪು ಹಾಟ್ (ಸಿಗ್ನಲ್ ಹೊರಡುವ ವೈರ್), ಹಸಿರು ಗ್ರೌಂಡ್ (ಸಿಗ್ನಲ್ ವಾಪಸಾಗುವ ವೈರ್), ಕೆಂಪು ಬಿಳಿ ಎರಡನ್ನೂ ಸೇರಿಸಿ ಸೋಲ್ಡರ್ ಮಾಡಿ ಟೇಪ್ ಸುತ್ತಬೇಕು. ಡಿಮಾರ್ಜಿಯೋದಲ್ಲಿ ಕೆಂಪು ಹಾಟ್, ಹಸಿರು ಗ್ರೌಂಡ್, ಸೇರಿಸಬೇಕಾದದ್ದು ಕಪ್ಪು ಬಿಳಿ. ಹಸಿರು ಎರಡರಲ್ಲೂ ಒಂದೇ ಆಗಿರುವುದರಿಂದ ಮಿಕ್ಕಿದ್ದೂ ಹಾಗೇ ಇರಬೇಕು ಅನ್ನಿಸುತ್ತೆ, ಅಲ್ವಾ? ಡಂಕನ್ ಡಯಾಗ್ರಾಮ್ ನೋಡಿಕೊಂಡು ಡಿಮಾರ್ಜಿಯೋ ಜೋಡಿಸಿದರೆ ಸದ್ದೇನೋ ಬರುತ್ತೆ, ಆದರೆ ಒಂದು ಕಾಯಿಲ್ ಉಲ್ಟಾ ಸೇರಿರುತ್ತೆ, ಎರಡರ ಸಿಗ್ನಲ್ ಒಂದನ್ನೊಂದು ಹೊಡೆದುಹಾಕಿ ದಪ್ಪ ಸ್ವರವೆಲ್ಲ ಸೊರಗುತ್ತೆ, ಹಮ್ ಮಾತ್ರ ಜಾಸ್ತಿ ಆಗುತ್ತೆ. ಪಾಪ, ಪಿಕಪ್ಪೇ ಸರಿಯಿಲ್ಲ ಅಂತ ವಾಪಸ್ ಕಳಿಸುವವರಿದ್ದಾರೆ.

ಇನ್ನೊಂದು ತೊಂದರೆ ಪಿಕಪ್ ಆಯ್ಕೆಯ ಸ್ವಿಚ್ಚನ್ನು ಎರಡೂ ಒಟ್ಟಿಗೆ ನುಡಿಯುವ ಮಧ್ಯಕ್ಕೆ ತಂದಾಗ ಮಾತ್ರ ಗೊತ್ತಾಗುತ್ತೆ. ಎರಡೂ ಪಿಕಪ್ ಒಂಟಿಯಾಗಿ ಚೆನ್ನಾಗಿವೆ, ಒಟ್ಟಿಗೆ ನುಡಿಸಿದರೆ ಮೂಗು ಹಿಡಿದುಕೊಂಡು ಹಾಡಿದ ಹಾಗೆ. ಫೇಸ್ ಉಲ್ಟಾ ಆಗಿದೆ, ಅಂದರೆ ಒಂದರ ಸಿಗ್ನಲ್ ಏರುವಾಗ ಇನ್ನೊಂದರದ್ದು ಇಳಿಯುತ್ತಿದೆ ಅಂತ ಅರ್ಥ. ಆಯಸ್ಕಾಂತದ ದಿಕ್ಕು, ತಂತಿ ಸುತ್ತಿದ ದಿಕ್ಕು ಕಂಪನಿಯಿಂದ ಕಂಪನಿಗೆ ಬೇರೆಯಾಗಬಹುದು.

ಸೋಲ್ಡರ್ ಮಾಡುವ ಮೊದಲೇ ಇದನ್ನು ಪರೀಕ್ಷಿಸಿ. ಮಾಮೂಲಿ ಮಲ್ಟಿಮೀಟರ್ ಸಾಕು. 20 ಕೆ ಓಮ್‌ಗೆ ಇಟ್ಟು ಕೆಂಪು ಪ್ರೋಬ್ ಹಾಟ್‌ಗೆ, ಕಪ್ಪು ಪ್ರೋಬ್ ಗ್ರೌಂಡ್‌ಗೆ ಸಿಕ್ಕಿಸಿ. ಸ್ಕ್ರೂಡ್ರೈವರ್‌ನ ಕಬ್ಬಿಣದ ಭಾಗವನ್ನು ಪಿಕಪ್ ಮೇಲೆ ಅಡ್ಡಲಾಗಿ ಇಡಿ, ಅಂಕಿ ನಿಲ್ಲಲಿ, ಆಮೇಲೆ ಪಟ್ಟನೆ ಮೇಲಕ್ಕೆಳೆಯಿರಿ. ಆ ಕ್ಷಣ ಅಂಕಿ ಏರಿತಾ ಇಳಿಯಿತಾ ನೋಡಿ. ಇನ್ನೊಂದು ಪಿಕಪ್‌ಗೂ ಹಾಗೇ ಮಾಡಿ. ಎರಡೂ ಏರಿದರೆ ಅಥವಾ ಎರಡೂ ಇಳಿದರೆ ಸರಿ. ಒಂದು ಏರಿ ಇನ್ನೊಂದು ಇಳಿದರೆ ಯಾವುದಾದರೂ ಒಂದರ ಹಾಟ್, ಗ್ರೌಂಡ್ ಅದಲುಬದಲು ಮಾಡಿ. ಬರೀ ಲೋಹದ ಶೀಲ್ಡ್ ವೈರ್ ಮಾತ್ರ ಯಾವಾಗಲೂ ಗ್ರೌಂಡ್‌ನಲ್ಲೇ ಇರಲಿ.

ಹಳೇ ಗಿಬ್ಸನ್ ಮಾದರಿಯ, ಹೆಣೆದ ಲೋಹದ ಹೊದಿಕೆ ಇರುವ ಒಂಟಿ ವೈರಿನ ಪಿಕಪ್‌ನಲ್ಲಿ ಈ ಅದಲುಬದಲು ಮಾಡಬೇಡಿ. ಆ ಹೊದಿಕೆ ಪಿಕಪ್‌ನ ಲೋಹದ ತಳಕ್ಕೂ ಕವರ್‌ಗೂ ಸೇರಿರುತ್ತೆ, ಬದಲಿಸಿದರೆ ಅದೆಲ್ಲ ಹಾಟ್ ಆಗಿ ಮುಟ್ಟಿದಾಗಲೆಲ್ಲ ಸದ್ದು. ಜೊತೆಗಿರುವ ನಾಲ್ಕು ವೈರಿನ ಪಿಕಪ್ಪಿನ ಹಾಟ್, ಗ್ರೌಂಡನ್ನೇ ಅದಲುಬದಲು ಮಾಡಿ. ಎರಡೂ ಹಳೇ ಮಾದರಿಯವಾದರೆ ಒಂದರ ಆಯಸ್ಕಾಂತ ತೆಗೆದು ತಿರುಗಿಸಬೇಕು, ಅದನ್ನು ಕೈ ಪಳಗಿದವರಿಗೆ ಕೊಡಿ.

ಸ್ಟ್ರ್ಯಾಟ್ (ಫೆಂಡರ್ ಸ್ಟ್ರ್ಯಾಟೊಕಾಸ್ಟರ್ ಗಿಟಾರ್) ಮಾದರಿಯ ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್‌ಗಳಲ್ಲಿ ವೈರ್ ಅದಲುಬದಲು ಮಾಡಿದರೆ ಫೇಸ್ ಸರಿಹೋಗುತ್ತೆ, ಆದರೆ ಎರಡು ಪಿಕಪ್ ಒಟ್ಟಿಗೆ ನುಡಿಸುವಾಗ ನಮ್ಮ 50 ಹರ್ಟ್ಸ್ ಕರೆಂಟಿನ ಹಮ್ ಹೋಗಬೇಕಾದರೆ ಮಧ್ಯದ ಪಿಕಪ್‌ನ ಆಯಸ್ಕಾಂತವೂ ಉಳಿದ ಎರಡಕ್ಕೆ ವಿರುದ್ಧವಾಗಿರಬೇಕು. ಕೊಳ್ಳುವಾಗಲೇ ಕೇಳಿ, ಇಲ್ಲಾಂದ್ರೆ ದಿಕ್ಸೂಚಿ ಹಿಡಿದು ನೋಡಿ.

ನಾನು ಬೇಡ ಅನ್ನುವುದು ಒಂದೇ ಜೋಡಿಗೆ: ಒಂದು ಬ್ಯಾಟರಿ ಹಾಕುವ (ಆಕ್ಟಿವ್) ಇಎಮ್‌ಜಿ ಕಂಪನಿಯದು, ಇನ್ನೊಂದು ಬ್ಯಾಟರಿ ಬೇಡದ ಮಾಮೂಲಿ ಪ್ಯಾಸಿವ್. ಇಎಮ್‌ಜಿಗೆ 25 ಕೆ ಓಮ್ ಪಾಟ್ (ವಾಲ್ಯೂಮ್ ಗುಂಡಿಯ ಕೆಳಗಿನ ಭಾಗ) ಬೇಕು, ಪ್ಯಾಸಿವ್‌ಗೆ 250 ಅಥವಾ 500 ಕೆ. ಒಂದೇ ವಾಲ್ಯೂಮ್ ಪಾಟ್‌ಗೆ ಎರಡನ್ನೂ ಕಟ್ಟಿದರೆ 25ರಲ್ಲಿ ಪ್ಯಾಸಿವ್ ಮಂಕಾಗುತ್ತೆ, 500ರಲ್ಲಿ ಇಎಮ್‌ಜಿಯ ವಾಲ್ಯೂಮ್ ಆನ್ ಆಫ್ ಸ್ವಿಚ್ಚಿನಂತೆ ಆಗಿಬಿಡುತ್ತೆ. ದುಡ್ಡು ಕೊಡುವ ಮೊದಲು ಎರಡೂ ಪ್ಯಾಸಿವ್ ಅಥವಾ ಎರಡೂ ಆಕ್ಟಿವ್ ಅಂತ ತೀರ್ಮಾನಿಸಿಕೊಳ್ಳಿ.