ಶಹಾಬಾದ್ ಫರಸಿಯ ಮೇಲೆ ಬಿಯರ್ಡೆಡ್ ಡ್ರ್ಯಾಗನ್

ಸಾಕಿದ ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿ ಜಾತಿಯ ಪ್ರಾಣಿಯನ್ನು ಮನೆಯೊಳಗೆ ಬಿಡಬೇಕೋ ಬಾರದೋ ಎಂಬ ಪ್ರಶ್ನೆಗೆ ಬೆಂಗಳೂರಿನಲ್ಲಿ ಕೂತವರು ಕೊಡುವ ಉತ್ತರ ಕಲಬುರಗಿಗೆ ಹಾಗೆಯೇ ಹೊಂದುವುದಿಲ್ಲ. ಅದು ಬಿಸಿಲನ್ನೇ ನೆಚ್ಚಿ ಬದುಕುವ ಪ್ರಾಣಿ. ನಮ್ಮದು ಬಿಸಿಲಿಗೇ ಹೆಸರಾದ ಊರು. ಹಾಗಿದ್ದ ಮೇಲೆ ಗಾಜಿನ ಪೆಟ್ಟಿಗೆ, ದೀಪ, ತಾಪಮಾಪಕ ಇವೆಲ್ಲ ಏಕೆ, ಪಡಸಾಲೆಯಲ್ಲಿ ಬಿಟ್ಟರೆ ಸಾಲದೇ ಎಂದು ಮನೆಗೆ ಬಂದವರು ಕೇಳುತ್ತಾರೆ. ನಮ್ಮ ಚನ್ನನನ್ನು ನಾನು ಹೆಚ್ಚುಕಡಿಮೆ ದಿನವೂ ಪೆಟ್ಟಿಗೆಯಿಂದ ಹೊರಗೆ ಬಿಡುತ್ತೇನೆ, ಆದರೆ ದಿನವಿಡೀ ಬಿಡುವುದಿಲ್ಲ. ಅದಕ್ಕೆ ಮುಖ್ಯ ಕಾರಣ ನಮ್ಮ ಮನೆಯ ನೆಲ.

ಈ ಪ್ರಾಣಿಯ ಮೂಲ ನೆಲೆ ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲು. ಬೆಳೆದ ಮೇಲೆ ಮೂತಿಯಿಂದ ಬಾಲದ ತುದಿಯವರೆಗೆ 45ರಿಂದ 60 ಸೆಂಟಿಮೀಟರ್ ಇರುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೇಲ್ಪಟ್ಟು ಬದುಕುತ್ತದೆ. ಪಕ್ಕದ ಮನೆಯ ಕಾಕಾ ಮೊದಲ ಸಲ ನೋಡಿದಾಗ, “ಏನ್ರೀ, ಓತಿಕ್ಯಾತ ಸಾಕೀರೇನು?” ಎಂದು ನಕ್ಕರು. ಅವರು ತಪ್ಪು ಹೇಳಲಿಲ್ಲ: ನಮ್ಮ ಬೇಲಿಯ ಓತಿಕ್ಯಾತವೂ ಇದೂ ಒಂದೇ ಅಗಾಮಿಡೇ ಕುಟುಂಬದವು. ಆದರೆ ಬೇಲಿಯಲ್ಲಿರುವುದನ್ನು ಹಿಡಿದು ತರುವ ಯೋಚನೆ ಯಾರಿಗೂ ಬೇಡ. ಉಡ, ನಕ್ಷತ್ರ ಆಮೆ ಮೊದಲಾದ ನಮ್ಮ ನೆಲದ ವನ್ಯ ಸರೀಸೃಪಗಳನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಹಲ್ಲಿ, ಓತಿಕ್ಯಾತಗಳಂತೆ ಇದರ ಮೈ ತನಗೆ ಬೇಕಾದ ಶಾಖವನ್ನು ತಾನೇ ಹುಟ್ಟಿಸಿಕೊಳ್ಳುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಅದು ಸುಮಾರು 40 ಡಿಗ್ರಿ ಬಿಸಿಯಿರುವ ಜಾಗದಲ್ಲಿ ಚಪ್ಪಟೆಯಾಗಿ ಮೈಚಾಚಿ, ಬೆನ್ನಿನ ಬಣ್ಣವನ್ನು ಕಪ್ಪಾಗಿಸಿಕೊಂಡು ಶಾಖ ಹೀರುತ್ತದೆ. ಮೈ ಕಾದ ಮೇಲೆ 25 ಡಿಗ್ರಿಯ ಆಸುಪಾಸಿನ ತಂಪು ಮೂಲೆಗೆ ಸರಿಯುತ್ತದೆ. ದಿನವಿಡೀ ಹೀಗೆ ಬಿಸಿಗೂ ತಂಪಿಗೂ ಓಡಾಡಿ ತನ್ನ ಮೈಯನ್ನು ಹದದಲ್ಲಿಟ್ಟುಕೊಳ್ಳುವುದೇ ಅದರ ಬದುಕು. ತಿಂದದ್ದು ಅರಗಬೇಕಾದರೂ ಶಾಖವೇ ಬೇಕು. ಹೊಟ್ಟೆ ತುಂಬ ತಿಂದ ಪ್ರಾಣಿ ತಣ್ಣನೆಯ ನೆಲದ ಮೇಲೆ ಗಂಟೆಗಟ್ಟಲೆ ಉಳಿದರೆ ಆಹಾರ ಅರಗದೆ ಕರುಳಿನಲ್ಲಿಯೇ ಕೆಡಬಹುದು.

ನಮ್ಮ ಮನೆಯಲ್ಲಿ, ಈ ಭಾಗದ ಬಹುಪಾಲು ಹಳೆಯ ಮನೆಗಳಲ್ಲಿರುವಂತೆ, ಶಹಾಬಾದ್ ಕಲ್ಲಿನ ಫರಸಿ ಹಾಸಿದೆ. ಏಪ್ರಿಲ್ ತಿಂಗಳಲ್ಲಿ ನಾವು ಅದರ ಮೇಲೆ ಚಾಪೆಯೂ ಇಲ್ಲದೆ ಮಲಗುವುದು ಅದು ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ ಎಂಬ ಕಾರಣಕ್ಕೇ. ನಮಗೆ ಸುಖ ಕೊಡುವ ಅದೇ ಗುಣ, ಹೊಟ್ಟೆಯನ್ನು ನೆಲಕ್ಕೆ ತಾಗಿಸಿಕೊಂಡು ನಡೆಯುವ ಪುಟ್ಟ ಪ್ರಾಣಿಗೆ ಡಿಸೆಂಬರಿನಲ್ಲಿ ಕೇಡಾಗುತ್ತದೆ. ಗಾಳಿಯ ಉಷ್ಣತೆ 27 ಡಿಗ್ರಿ ಇದ್ದರೂ ಕಿಟಕಿಯಿಂದ ದೂರವಿರುವ ಫರಸಿ ಅದಕ್ಕಿಂತ ಬಹಳ ತಣ್ಣಗಿರುವುದನ್ನು ಇನ್‌ಫ್ರಾರೆಡ್ ಮಾಪಕ ಹಿಡಿದು ನೋಡಿದಾಗಲೇ ನನಗೆ ನಂಬಿಕೆಯಾದದ್ದು. ಗೋಡೆಯ ತಾಪಮಾಪಕ ಹೇಳುವುದು ನಮ್ಮ ಎದೆಯ ಎತ್ತರದ ಹವೆಯನ್ನು. ಚನ್ನ ಬದುಕುವುದು ನೆಲದಿಂದ ನಾಲ್ಕು ಬೆರಳಿನ ಎತ್ತರದಲ್ಲಿ. ಆದ್ದರಿಂದ ಚಳಿಗಾಲದಲ್ಲಿ ಅವನು ಓಡಾಡುವ ದಾರಿಯಲ್ಲಿ ಜಮಖಾನೆ ಹಾಸಿ, ಮೈ ಚೆನ್ನಾಗಿ ಕಾದ ಮೇಲೆ, ನಡುಮಧ್ಯಾಹ್ನದಲ್ಲಿ ಒಂದು ಗಂಟೆಯೊಳಗಿನ ಸುತ್ತಾಟಕ್ಕೆ ಮಾತ್ರ ಬಿಡುತ್ತೇನೆ. ಬೆಳಿಗ್ಗೆ ತಿಂದದ್ದು ದೀಪದಡಿ ಒಂದೆರಡು ಗಂಟೆ ಅರಗಿದ ನಂತರವೇ ಪೆಟ್ಟಿಗೆಯ ಬಾಗಿಲು ತೆರೆಯುತ್ತದೆ.

ಬೇಸಿಗೆಯ ಲೆಕ್ಕವೇ ಬೇರೆ. ಮೇ ತಿಂಗಳಲ್ಲಿ ಹೊರಗೆ 42, 43 ಡಿಗ್ರಿ ಮುಟ್ಟಿದಾಗ ಮಾಳಿಗೆಯ ಕೆಳಗಿನ ಕೋಣೆಯೂ ಕಾದುಬಿಡುತ್ತದೆ, ಪೆಟ್ಟಿಗೆಯಲ್ಲಿ ತಂಪು ಮೂಲೆ ಎಂಬುದೇ ಉಳಿಯುವುದಿಲ್ಲ. ಬಿಸಿಲಿನ ಪ್ರಾಣಿಯಾದ ಮಾತ್ರಕ್ಕೆ ಎಷ್ಟು ಬಿಸಿಯಾದರೂ ತಾಳುತ್ತದೆ ಎಂದುಕೊಳ್ಳುವುದು ದೊಡ್ಡ ತಪ್ಪು. ಮೂಲ ನೆಲೆಯಲ್ಲಿ ಅದು ಸುಡುವ ಹೊತ್ತಿನಲ್ಲಿ ನೆರಳಿಗೋ ಬಿಲಕ್ಕೋ ಸರಿಯುತ್ತದೆ. ಅಂಥ ದಿನ ದೀಪ ಆರಿಸಿ ಚನ್ನನನ್ನು ಪೆಟ್ಟಿಗೆಯಿಂದ ಹೊರಗೆ ಬಿಟ್ಟರೆ ಅವನು ನೇರವಾಗಿ ಹೋಗಿ ಮಲಗುವುದು ಬಚ್ಚಲಿನ ಹೊಸ್ತಿಲ ಬಳಿಯ ಫರಸಿಯ ಮೇಲೆ. ಆ ಕಡುಬೇಸಿಗೆಯಲ್ಲಿ ಮಾತ್ರ ಅವನನ್ನು ಹೆಚ್ಚು ಹೊತ್ತು ಬಿಡುವುದೇ ಸರಿ ಎಂದು ನನ್ನ ಅಭಿಪ್ರಾಯ. ಕೂಲರ್ ಇರುವ ಕೋಣೆಗೆ ಮಾತ್ರ ಬಿಡುವುದಿಲ್ಲ, ಏಕೆಂದರೆ ಅದರ ತೇವದ ಗಾಳಿಯಲ್ಲಿ ದಿನಗಟ್ಟಲೆ ಇದ್ದರೆ ಈ ಪ್ರಾಣಿಗೆ ಶ್ವಾಸಕೋಶದ ಸೋಂಕು ತಗಲಬಹುದು.

ಕಿಟಕಿಯ ಬಿಸಿಲಿನ ಬಗೆಗೆ ಒಂದು ಮಾತು. ಮುಚ್ಚಿದ ಗಾಜಿನ ಹಿಂದೆ ಕೂತ ಪ್ರಾಣಿಗೆ ಬೆಳಕೂ ಶಾಖವೂ ಸಿಗುತ್ತವೆ, ಆದರೆ ಯುವಿಬಿ ಎಂಬ ಅತಿನೇರಳೆ ಕಿರಣ ಸಿಗುವುದಿಲ್ಲ. ಗಾಜು ಅದನ್ನು ತಡೆಯುತ್ತದೆ. ಆ ಕಿರಣವಿಲ್ಲದೆ ಚರ್ಮದಲ್ಲಿ ಡಿ3 ಜೀವಸತ್ವ ತಯಾರಾಗದು, ಡಿ3 ಇಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತದು. ಮೂಳೆಗಳು ಮೆತ್ತಗಾಗಿ ದವಡೆ, ಕಾಲುಗಳು ಸೊಟ್ಟಗಾಗುತ್ತವೆ. ದಿನವಿಡೀ ಮನೆಯಲ್ಲಿ ಅಡ್ಡಾಡಿಕೊಂಡು ಸೋಫಾದ ಕೆಳಗೆ ಕಾಲ ಕಳೆಯುವ ಪ್ರಾಣಿ ಯುವಿಬಿ ದೀಪದ ಹತ್ತಿರ ಬರುವುದೇ ಅಪರೂಪವಾಗುತ್ತದೆ. ಗಾಜಿನ ಪೆಟ್ಟಿಗೆಯನ್ನು ಜೈಲು ಎನ್ನುವವರು ಈ ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಬಿಡುವ ಮುನ್ನ ನೆಲವನ್ನು ನೋಡುವ ಕೆಲಸ ದೊಡ್ಡದು. ನಮ್ಮ ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂರುವ ಜಾಗದಲ್ಲಿ ದಾರದ ತುಂಡುಗಳು ಸದಾ ಬಿದ್ದಿರುತ್ತವೆ. ದಾರವಾಗಲಿ ಉದ್ದ ಕೂದಲಾಗಲಿ ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡದೆ ಬೆರಳೇ ಹೋಗಬಹುದು, ನುಂಗಿದರೆ ಕರುಳು ಕಟ್ಟಬಹುದು. ಫಿನಾಯಿಲ್ ಹಾಕಿ ಒರೆಸಿದ ದಿನ ಸುತ್ತಾಟವಿಲ್ಲ, ಏಕೆಂದರೆ ಹೊಸ ಜಾಗವನ್ನೆಲ್ಲ ನಾಲಿಗೆಯಿಂದ ನೆಕ್ಕಿ ತಿಳಿಯುವುದು ಇದರ ಸ್ವಭಾವ. ಜಿರಳೆಗೆ ಔಷಧ ಹೊಡೆದ ಮನೆಯಲ್ಲಂತೂ ಬಿಡಲೇಬಾರದು: ಸಾಯಲು ಒದ್ದಾಡುವ ಜಿರಳೆಗಿಂತ ಸುಲಭದ ಬೇಟೆ ಅದಕ್ಕೆ ಬೇರೆ ಸಿಗದು. ಮಳೆಗಾಲದಲ್ಲಿ ಮಿಂಚುಹುಳು ಒಳಗೆ ಬರುವುದುಂಟು. ಅದರ ಮೈಯಲ್ಲಿರುವ ವಿಷ ಎಂಥದೆಂದರೆ ಒಂದೇ ಹುಳು ಬೆಳೆದ ಬಿಯರ್ಡೆಡ್ ಡ್ರ್ಯಾಗನ್ ಅನ್ನು ಕೊಲ್ಲಬಲ್ಲದು. ತೊಗರಿ ಹೊಲದಿಂದ ಮಿಡತೆ ಹಿಡಿದು ತರುತ್ತೇನೆ ಎನ್ನುವ ಗೆಳೆಯರಿಗೂ ಬೇಡವೆನ್ನುತ್ತೇನೆ, ಕಾಯಿಕೊರಕಕ್ಕೆ ಔಷಧ ಸಿಂಪಡಿಸದ ಹೊಲ ಯಾವುದೆಂದು ನಂಬುವುದು ಕಷ್ಟ. ಅಡುಗೆಮನೆಯಿಂದ ಅವನ ಪಾಲಿಗೆ ಕುಂಬಳಕಾಯಿ ತುರಿ, ಬೆಂಡೆಕಾಯಿ, ಕೆಲವೊಮ್ಮೆ ದಾಸವಾಳದ ಹೂ ಬರುತ್ತವೆ. ನಮಗೆ ಪ್ರಾಣವಾದ ಪುಂಡಿ ಪಲ್ಯದ ಸೊಪ್ಪನ್ನೂ ಪಾಲಕ್ ಅನ್ನೂ ದೂರ ಇಟ್ಟಿದ್ದೇನೆ, ಅವುಗಳ ಆಕ್ಸಾಲಿಕ್ ಆಮ್ಲ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ.

ಒಂದು ತಮಾಷೆಯ ಅಪಾಯವೂ ಇದೆ. ಅಲ್ಮಾರಿಯ ಕನ್ನಡಿಯಲ್ಲಿ ತನ್ನನ್ನು ಕಂಡರೆ ಚನ್ನ ಇನ್ನೊಂದು ಗಂಡು ಬಂದಿದೆ ಎಂದು ತಿಳಿದು, ಗಡ್ಡ ಉಬ್ಬಿಸಿ ಕಪ್ಪಗಾಗಿಸಿಕೊಂಡು, ತಲೆಯನ್ನು ಮೇಲೆ ಕೆಳಗೆ ಕುಣಿಸುತ್ತಾನೆ. ನೋಡಲು ಚೆಂದ, ಆದರೆ ಪ್ರಾಣಿಗೆ ಅದು ನಿಜವಾದ ದಣಿವು. ಕನ್ನಡಿಗೆ ಈಗ ಹಳೆಯ ಸೀರೆಯೊಂದು ಇಳಿಬಿದ್ದಿದೆ.

ಚಳಿ ಬಿದ್ದ ಮೇಲೆ ಬೆಳೆದ ಪ್ರಾಣಿಗಳು ಕೆಲವು ವಾರ ಊಟ ಬಿಟ್ಟು ಮಲಗಿಬಿಡುವುದು ಸಹಜ. ಮನೆಯಲ್ಲಿ ಬಿಟ್ಟಾಗ ಅವನು ಹಾಗೆ ಫ್ರಿಜ್ಜಿನ ಹಿಂದೆ ಸೇರಿಕೊಂಡರೆ, ಅದು ಚಳಿಗಾಲದ ನಿದ್ದೆಯೋ ಕಾಯಿಲೆಯೋ ಎಂದು ತಿಳಿಯಲು ನನಗಿರುವ ದಾರಿ ಅಡುಗೆಮನೆಯದಲ್ಲದ ಬೇರೊಂದು ತಕ್ಕಡಿ. ನಿದ್ದೆಯಲ್ಲಿ ತೂಕ ಹೆಚ್ಚು ಇಳಿಯುವುದಿಲ್ಲ, ಕಾಯಿಲೆಯಲ್ಲಿ ಇಳಿಯುತ್ತದೆ. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದ್ದರೂ ನಮ್ಮ ಭಾಗದ ಪಶುವೈದ್ಯರ ನಿತ್ಯದ ಕೆಲಸ ಎಮ್ಮೆ, ಎತ್ತು, ಕುರಿಗಳದು. ಸರೀಸೃಪ ಬಲ್ಲ ವೈದ್ಯರು ಯಾರೆಂದು ಪ್ರಾಣಿ ತರುವ ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು.

ತಕ್ಕಡಿ ಬೇರೆಯೇ ಇರಬೇಕಾದದ್ದಕ್ಕೆ ಕಾರಣ ಸಾಲ್ಮೊನೆಲ್ಲಾ. ಆರೋಗ್ಯವಾಗಿ ಕಾಣುವ ಬಿಯರ್ಡೆಡ್ ಡ್ರ್ಯಾಗನ್ ಕೂಡ ಆ ರೋಗಾಣುವನ್ನು ಹಿಕ್ಕೆಯಲ್ಲಿ ಹೊರಹಾಕುತ್ತಿರಬಹುದು, ಅದು ನಡೆದ ನೆಲಕ್ಕೂ ಅಂಟಬಹುದು. ಅಡುಗೆಮನೆಯ ಹೊಸ್ತಿಲಿಗೆ ಅಡ್ಡಹಲಗೆ ಇಟ್ಟಿದ್ದೇನೆ, ಮುಟ್ಟಿದವರು ಸಾಬೂನಿನಿಂದ ಕೈ ತೊಳೆಯಲೇಬೇಕು. ಐದು ವರ್ಷದೊಳಗಿನ ಮಕ್ಕಳಿಗೂ ವಯಸ್ಸಾದವರಿಗೂ ಈ ಸೋಂಕು ಹೆಚ್ಚು ಕಾಡುತ್ತದೆ. ಅದಕ್ಕಾಗಿ, ಸುತ್ತಾಟದ ಹೊತ್ತಿನಲ್ಲಿ ಅತ್ತೆ ಮಂಚದ ಮೇಲೆಯೇ ಕೂರುತ್ತಾರೆ. ನಾದಿನಿಯ ಅಂಬೆಗಾಲಿಡುವ ಮಗು ಯಾದಗಿರಿಯಿಂದ ಬಂದಿರುವಷ್ಟು ದಿನ ಚನ್ನನ ಪೆಟ್ಟಿಗೆಗೆ ಚಿಲಕ ಹಾಕಿಯೇ ಇರುತ್ತದೆ.