ಫೋನಲ್ಲಿ ಶಾರ್ಪ್, ಪ್ರಿಂಟಲ್ಲಿ ಮಬ್ಬು: ಪೇಟೆ ಹಕ್ಕಿ ತೆಗೆಯೋಕೆ ಹೋಗಿ ನಾನು ಕಲ್ತಿದ್ದು

ಪ್ರೆಸ್ಸಿನ ಹುಡುಗ ನನ್ನ ಹಾಲಕ್ಕಿ (ಪುಟ್ಟ ಗೂಬೆ) ಫೋಟೋನ ಕಂಪ್ಯೂಟರಲ್ಲಿ ನೂರು ಪರ್ಸೆಂಟಿಗೆ ಝೂಮ್ ಮಾಡ್ದ, ಸ್ವಲ್ಪ ಹೊತ್ತು ಸುಮ್ನೆ ನೋಡ್ದ, ಆಮೇಲೆ "ಸರ್, ಇದ್ರಲ್ಲಿ ಫೋಕಸ್ ಎಲ್ಲಿ ಕೂತಿದೆ?" ಅಂತ ಕೇಳ್ದ. ಪೊಟರೆ ಸುತ್ತ ಇರೋ ತೊಗಟೆಯ ಒಂದೊಂದು ಗೆರೆನೂ ಎಣಿಸ್ಬೋದಿತ್ತು, ಹಕ್ಕಿ ಕಣ್ಣು ಮಾತ್ರ ಎರಡು ಹಳದಿ ಮಸುಕು ಚುಕ್ಕಿ.

ನಾನು ಶಿವಮೊಗ್ಗದಲ್ಲಿ ಮದ್ವೆ ಫೋಟೋಗ್ರಾಫರ್. ಹದಿನಾಲ್ಕು ವರ್ಷದಿಂದ ಮುಹೂರ್ತ, ನಾಮಕರಣ, ಗೃಹಪ್ರವೇಶ, ಶಾಲೆ ಗ್ರೂಪ್ ಫೋಟೋ, ಇದೇ ನನ್ನ ಅನ್ನ. ಹೋದ ವರ್ಷ ಪರಿಚಯದೋರು ಒಬ್ರು ಬಂದು ಕ್ಯಾಲೆಂಡರಿಗೆ ಹನ್ನೆರಡು ಫೋಟೋ ಬೇಕು, ಕಾಡಿಂದು ಬೇಡ, ನಮ್ಮ ಪೇಟೆ ಒಳಗೇ ಓಡಾಡ್ಕೊಂಡಿರೋ ಹಕ್ಕಿ ಪ್ರಾಣಿನೇ ಆಗ್ಬೇಕು ಅಂದ್ರು, ನಾನು ಅಲ್ಲೇ ಒಪ್ಕೊಂಡೆ. ಒಂದು ತಿಂಗ್ಳು ಬೆಳಿಗ್ಗೆ ಸಂಜೆ ಅಲೆದು ತೆಗ್ದೆ. ಎಲ್ಲಾನೂ ವಾಟ್ಸಾಪಲ್ಲಿ ಕಳ್ಸಿದಾಗ ಅವ್ರಿಗೂ ಖುಷಿ ನನಗೂ ಖುಷಿ. ಪ್ರೆಸ್ಸಲ್ಲಿ ಕೂತಾಗ ಹನ್ನೆರಡ್ರಲ್ಲಿ ಎಂಟು ವಾಪಸ್ ಬಂತು.

ಫೋನಿನ ಸ್ಕ್ರೀನ್ ಅಂಗೈ ಅಗಲ, ಅದ್ರಲ್ಲಿ ಎಲ್ಲಾ ಫೋಟೋನೂ ಶಾರ್ಪೇ. ನನ್ನದು 24 ಮೆಗಾಪಿಕ್ಸೆಲ್ ಕ್ಯಾಮೆರಾ, ಅಂದ್ರೆ 6000 ಅಡ್ಡ 4000 ಉದ್ದ, ಇಂಚಿಗೆ 300 ಚುಕ್ಕಿ ಲೆಕ್ಕದಲ್ಲಿ ಪ್ರಿಂಟ್ ಹಾಕಿದ್ರೆ 20 ಇಂಚು ಅಗಲ ಆರಾಮಾಗಿ ಬರತ್ತೆ. ಆದ್ರೆ ನಾನು ಮದ್ವೆಗೆ ಇಟ್ಕೊಂಡಿದ್ದ 70-200 ಎಂಎಂ ಲೆನ್ಸಲ್ಲಿ ದೂರದಿಂದ ತೆಗ್ದು ಆಮೇಲೆ ಕಂಪ್ಯೂಟರಲ್ಲಿ ಕತ್ತರಿಸಿ ಹಕ್ಕಿನ ದೊಡ್ಡದು ಮಾಡ್ತಿದ್ದೆ. ಮೂರ್ನೇ ಒಂದು ಭಾಗ ಅಗಲ ಉಳಿಸ್ಕೊಂಡ್ರೆ ಉಳಿಯೋದು 2000 ಪಿಕ್ಸೆಲ್, ಪ್ರಿಂಟಲ್ಲಿ ಏಳು ಇಂಚೂ ಆಗಲ್ಲ. ಆ ಕ್ಯಾಲೆಂಡರ್ ಹಾಳೆ 13 ಇಂಚು. ಹಿಗ್ಗಿಸಿದ ತಕ್ಷಣ ನನ್ನ ಎಲ್ಲಾ ತಪ್ಪೂ ಹಾಳೆ ಮೇಲೆ ಬಂತು.

ಸರಿ, ದೂರದ್ದನ್ನ ಇನ್ನೂ ಹತ್ರ ಎಳೆಯೋ 150-600 ಎಂಎಂ ಲೆನ್ಸನ್ನ ಬೆಂಗ್ಳೂರಿಂದ ಬಾಡಿಗೆಗೆ ತರಿಸ್ದೆ. ಆಗ ಇನ್ನೂ ಹದಗೆಡ್ತು!

ಯಾಕಂದ್ರೆ ಮದ್ವೆ ಮನೆಯಲ್ಲಿ ನಾನು ಶಟರ್ ಸ್ಪೀಡ್, ಅಂದ್ರೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕಿಗೆ ತೆರೆದಿರತ್ತೆ ಅನ್ನೋದ್ರ ಬಗ್ಗೆ ಯೋಚ್ನೆನೇ ಮಾಡಿರ್ಲಿಲ್ಲ. 1/125 ಸೆಕೆಂಡ್ ಇಡು, ಫ್ಲ್ಯಾಶ್ ಹೊಡಿ, ಆಯ್ತು. ಅಲ್ಲಿ ಫೋಟೋ ಅಲುಗಾಡದೇ ಇರೋ ಹಂಗೆ ಹಿಡಿಯೋದು ಫ್ಲ್ಯಾಶಿನ ಬೆಳಕು, ಅದು ಮಿಂಚಿ ಹೋಗೋದು ಸಾಮಾನ್ಯವಾಗಿ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಮ್ಮಿ ಹೊತ್ತಲ್ಲಿ, ಮೇಲಾಗಿ ಮದುಮಕ್ಕಳು ಹಸೆ ಮೇಲೆ ಕೂತಿರ್ತಾರೆ, ಎಲ್ಲಿಗೂ ಹಾರಿ ಹೋಗಲ್ಲ. ಗಾಂಧಿ ಪಾರ್ಕಲ್ಲಿ ಅಳಿಲು ಹಂಗಲ್ವಲ್ಲ. ಒಂದು ಅಳಿಲು ಮರಕ್ಕೆ ತಲೆಕೆಳಗಾಗಿ ಅಂಟ್ಕೊಂಡು ಚಿಕ್ ಚಿಕ್ ಅಂತ ಕೂಗ್ತಿತ್ತು, 1/250ಲ್ಲಿ ಹದಿನೈದಿಪ್ಪತ್ತು ತೆಗ್ದೆ, ಮನೆಗೆ ಬಂದು ನೋಡಿದ್ರೆ ಎಲ್ಲಾದ್ರಲ್ಲೂ ಬಾಲ ಹೊಗೆ ಥರ. ಮಾರನೇ ದಿನ ಕ್ಯಾಮೆರಾ ಎತ್ತದೇ ಬರೀ ಕಣ್ಣಲ್ಲಿ ನೋಡ್ತಾ ನಿಂತೆ, ಆಗ ಗೊತ್ತಾಯ್ತು, ಅದು ಒಂದೊಂದು ಸಲ ಕೂಗಿದಾಗ್ಲೂ ಬಾಲ ಝಾಡಿಸತ್ತೆ, ಮೈ ಪೂರ್ತಿ ಒಂದ್ಸಲ ಅದುರತ್ತೆ. ಕೂಗು ನಿಂತ ಮೇಲೆ ಎರಡು ಮೂರು ಸೆಕೆಂಡು ಕಲ್ಲಿನ ಹಂಗೆ ಇರತ್ತೆ. ಲೆನ್ಸಿನ ಸ್ಟೆಬಿಲೈಸರ್ ನನ್ನ ಕೈ ನಡುಕಾನ ಹಿಡಿಯತ್ತೆ ಅಷ್ಟೇ, ಅಳಿಲಿನ ಬಾಲಾನ ಹಿಡಿಯೋಕೆ ಅದ್ರಿಂದ ಆಗಲ್ಲ. ಇಷ್ಟು ಸಣ್ಣ ವಿಷ್ಯ ತಿಳಿಯೋಕೆ ನಂಗೆ ಹದಿನಾಲ್ಕು ವರ್ಷ ಬೇಕಾಯ್ತು.

ಈಗ ನನ್ನ ಲೆಕ್ಕ ಹಿಂಗೆ. 600 ಎಂಎಂ ಕೈಯಲ್ಲಿ ಹಿಡಿದ್ರೆ ಕನಿಷ್ಠ 1/1000, ಯಾಕಂದ್ರೆ ಶಟರ್ ಸ್ಪೀಡಿನ ಕೆಳಗಿನ ಅಂಕಿ ಲೆನ್ಸಿನ ಎಂಎಂಗಿಂತ ಕಮ್ಮಿ ಇರ್ಬಾರ್ದು, ನನ್ನದು ಬೇರೆ ಸಣ್ಣ ಸೆನ್ಸರ್ (ಚಿತ್ರ ಹಿಡಿಯೋ ಚಿಪ್), 600ನ್ನ ಒಂದೂವರೆಯಿಂದ ಗುಣಿಸ್ಬೇಕು, 900 ಆಗತ್ತೆ. ಹದ್ದು ತೇಲ್ತಾ ಇದ್ರೆ 1/1600 ಸಾಕು, ಗಿಳಿ ಹಿಂಡು ಕಿರುಚ್ಕೊಂಡು ಹಾರಿದ್ರೆ 1/2500 ಮೇಲೆ ಹೋಗ್ಬೇಕು. ನಮ್ಮ ಮಳೆಗಾಲದ ಮೋಡದಲ್ಲಿ ಅಷ್ಟು ಸ್ಪೀಡ್ ಇಟ್ರೆ ಐಎಸ್ಒ, ಅಂದ್ರೆ ಬೆಳಕು ಕಮ್ಮಿ ಇದ್ದಾಗ ಫೋಟೋನ ಬೆಳಗಿಸೋ ಅಂಕಿ, 3200, 6400 ಅಂತ ಏರತ್ತೆ, ಫೋಟೋ ತುಂಬಾ ಕಾಳು ಕಾಳು ಬರತ್ತೆ, ಬರ್ಲಿ ಬಿಡಿ. ಕಾಳು ಕಂಪ್ಯೂಟರಲ್ಲಿ ಕಮ್ಮಿ ಮಾಡ್ಬೋದು, ಅಲುಗಾಡಿದ ಫೋಟೋನ ಮಾತ್ರ ಏನು ಮಾಡಿದ್ರೂ ಸರಿ ಮಾಡಕ್ಕಾಗಲ್ಲ. ಪ್ರೆಸ್ಸಿನ ಹುಡುಗಾನೂ ಅದನ್ನೇ ಹೇಳ್ದ, ಕಾಳಿರೋ ಫೋಟೋ ಅಚ್ಚಾದ್ರೆ ಯಾರೂ ಗಮನಿಸಲ್ಲ ಸರ್, ಕಣ್ಣು ಮಬ್ಬಿದ್ರೆ ಮಕ್ಕಳೂ ಹೇಳ್ತಾರೆ ಅಂತ.

ಇನ್ನು ಫೋಕಸ್. 600 ಎಂಎಂ, ಎಫ್ 6.3 (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನೋ ಅಳತೆ), ಹಕ್ಕಿ ಇಪ್ಪತ್ತಡಿ ದೂರ ಇದ್ರೆ ಶಾರ್ಪಾಗಿ ಬರೋ ಆಳ ಒಂದು ಇಂಚು, ಅಷ್ಟೇ. ಕ್ಯಾಮೆರಾಗೆ ನೀನೇ ನೋಡ್ಕೋ ಅಂತ ಎಲ್ಲಾ ಫೋಕಸ್ ಪಾಯಿಂಟೂ ಬಿಟ್ರೆ ಅದು ಮುಂದೆ ಇರೋದನ್ನ ಹಿಡ್ಕೊಳತ್ತೆ, ಎಲೆ, ಕಡ್ಡಿ, ಕರೆಂಟ್ ವೈರು, ನನ್ನ ಹಾಲಕ್ಕಿ ವಿಷಯದಲ್ಲಿ ಪೊಟರೆಯ ಅಂಚು. ಈಗ ಒಂದೇ ಪಾಯಿಂಟ್, ಅದನ್ನ ಕಣ್ಣಿನ ಮೇಲೆ ಕೂರ್ಸೋದು, ಫೋಕಸ್ಸನ್ನ ಕ್ಯಾಮೆರಾ ಬೆನ್ನಿನ ಬಟನ್ನಿಗೆ ಹಾಕಿ ಬೆರಳು ಒತ್ಕೊಂಡೇ ಇರೋದು. ಹೊಸ ಕ್ಯಾಮೆರಾಗಳಲ್ಲಿ ಹಕ್ಕಿ ಕಣ್ಣು ತಾನೇ ಹುಡುಕೋ ಸೌಲಭ್ಯ ಬಂದಿದೆ, ಇರೋರು ಬಳಸ್ಲಿ, ನನ್ನ ಹಳೇದ್ರಲ್ಲಿ ಇಲ್ಲ. ಮೊದಲ ಎರಡು ಫೋಟೋ ತೆಗೆದ ಕೂಡ್ಲೇ ಅಲ್ಲೇ ನಿಂತು ಕ್ಯಾಮೆರಾ ಸ್ಕ್ರೀನಲ್ಲಿ ಕಣ್ಣಿನ ತನಕ ಝೂಮ್ ಮಾಡಿ ನೋಡ್ತೀನಿ, ಮನೆಗೆ ಬಂದು ನೋಡಿ ಕೊರಗಿದ್ರೆ ಹಕ್ಕಿ ಮತ್ತೆ ಸಿಗತ್ತಾ.

ಲೆನ್ಸ್ ಎರಡು ಕೆಜಿ ಹತ್ರ ಇರತ್ತೆ, ಹತ್ತು ನಿಮಿಷ ಹಿಡಿದ್ರೆ ತೋಳು ನಡುಗತ್ತೆ. ಮನೆಯವ್ಳು ಹಳೇ ಜೀನ್ಸ್ ಕಾಲು ಕತ್ತರಿಸಿ ಒಂದು ಚೀಲ ಹೊಲಿದು ಕೊಟ್ಲು, ಅದಕ್ಕೆ ಎರಡು ಸೇರು ಅಕ್ಕಿ ತುಂಬಿ ಕಾಂಪೌಂಡ್ ಗೋಡೆ, ಸ್ಕೂಟರ್ ಸೀಟು, ಎಲ್ಲಿ ಬೇಕಾದ್ರೂ ಇಟ್ಟು ಲೆನ್ಸ್ ಮಲಗಿಸ್ತೀನಿ. ಟ್ರೈಪಾಡ್ ಬಿಚ್ಚೋ ಅಷ್ಟ್ರಲ್ಲಿ ಹಕ್ಕಿ ಹೋಗಿರತ್ತೆ.

ಒಂದಿನ ಕೋರ್ಪಲಯ್ಯನ ಛತ್ರದ ಹತ್ರ ತುಂಗೆ ಬಂಡೆ ಮೇಲೆ ನೀರುಕಾಗೆ ರೆಕ್ಕೆ ಒಣಗಿಸ್ತಾ ಕೂತಿತ್ತು, ಅಲ್ಲಾಡ್ತಾನೂ ಇರ್ಲಿಲ್ಲ, ಬಿಸ್ಲು ಚೆನ್ನಾಗಿತ್ತು, 1/2000 ಇತ್ತು, ಕಣ್ಣಿನ ಮೇಲೇ ಪಾಯಿಂಟ್ ಇತ್ತು, ಆದ್ರೂ ನೂರು ಫೋಟೋದಲ್ಲಿ ಒಂದೂ ಶಾರ್ಪಿಲ್ಲ. ಲೆನ್ಸ್ ಹೋಯ್ತು, ಬಾಡಿಗೆ ಲೆನ್ಸು, ದಂಡ ಕಟ್ಬೇಕು ಅಂತ ಎದೆ ಹೊಡ್ಕೊಳ್ತು. ನಮ್ಮ ಸ್ಟುಡಿಯೋಗೆ ಬರೋ ಒಬ್ರು ಹಿರಿಯರಿದ್ದಾರೆ, ಫಿಲ್ಮ್ ಕಾಲದೋರು, ಅವ್ರಿಗೆ ತೋರಿಸ್ದೆ. "ಎಷ್ಟೊತ್ತಿಗೆ ತೆಗ್ದಿದ್ದು ಮಾರಾಯ?" ಅಂದ್ರು. ಹನ್ನೆರಡು ಗಂಟೆಗೆ ಅಂದೆ. "ಬಂಡೆ ಕಾದಿರತ್ತೆ, ದೋಸೆ ಕಾವಲಿ ಮೇಲೆ ಗಾಳಿ ಕುಣಿಯೋದು ನೋಡಿಲ್ವಾ? ಅಷ್ಟು ದೂರದಿಂದ ಆ ಗಾಳಿ ತೂರಿ ಫೋಟೋ ತೆಗಿದ್ರೆ ಲೆನ್ಸ್ ಏನು ಮಾಡತ್ತೆ, ಬೆಳಿಗ್ಗೆ ಏಳಕ್ಕೆ ಹೋಗು" ಅಂದ್ರು. ಹೋದೆ, ಅದೇ ಲೆನ್ಸು, ಅದೇ ಬಂಡೆ, ನೀರುಕಾಗೆ ಕಣ್ಣಿನ ಹಸಿರು ಕಾಣೋ ಹಂಗೆ ಬಂತು. ಟಾರು ರೋಡು, ತಗಡಿನ ಶೀಟು, ಎಲ್ಲಾ ಇದೇ ಕಥೆ.

ನಮ್ಮ ಕಡೆಯೋರಿಗೆ ಇನ್ನೊಂದು ಮಾತು, ಮಲೆನಾಡಿನ ಮಳೆಗಾಲದಲ್ಲಿ ಲೆನ್ಸನ್ನ ಬ್ಯಾಗಲ್ಲೇ ಬಿಟ್ರೆ ಒಳಗೆ ಬೂಸ್ಟು ಹಿಡಿಯತ್ತೆ, ಜೇಡರ ಬಲೆ ಥರ ಬೆಳೆದಿರತ್ತೆ, ಆಮೇಲೆ ಫೋಟೋ ಎಲ್ಲಾ ಹಾಲು ಚೆಲ್ಲಿದಂಗೆ. ಗಟ್ಟಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ನೀಲಿ ಕಾಳು ಗುಲಾಬಿ ಆದ್ರೆ ಬಿಸಿ ಮಾಡಿ ಮತ್ತೆ ಹಾಕಿ. ಪೇಟೆ ದಾಟಿ ಕಾಡಂಚಿಗೆ ಹೋಗಿ ನೆಲದ ಮೇಲೆ ಮಲಗಿ ತೆಗೆಯೋರು ಬೇಸಿಗೆಯಲ್ಲಿ ಉಣುಗಿನ ಬಗ್ಗೆ ಹುಷಾರಾಗಿರಿ, ಉಣುಗಿಂದ ಹರಡೋ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ, ಆರೋಗ್ಯ ಇಲಾಖೆ ಕೊಡೋ ಡೇಪಾ ಎಣ್ಣೆ ಹಚ್ಕೊಂಡೇ ಹೋಗಿ.

ಮತ್ತೆ ಹಾಲಕ್ಕಿಗೆ ಬರ್ತೀನಿ, ನಂಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಅದು. ನಮ್ಮ ಬೀದಿ ಕೊನೆಯ ಹಳೇ ಮಳೆಮರದಲ್ಲಿ ಜೋಡಿ ಇದೆ. ಮೊದಲ ಸಲ ನಾನು ಮರದ ಬುಡಕ್ಕೇ ಹೋಗಿ ನಿಂತಿದ್ದೆ, ಹಕ್ಕಿ ನನ್ನ ನೋಡಿ ತಲೆ ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸ್ತಿತ್ತು, ಎಷ್ಟು ಮುದ್ದಾಗಿದೆ ಅಂತ ನಾನು ಒತ್ತಿದ್ದೇ ಒತ್ತಿದ್ದು. ಅದು ಮುದ್ದಲ್ಲ, ಗಾಬರಿ. ಯಾರು ಇದು, ಎಷ್ಟು ಹತ್ರ ಇದೆ ಅಂತ ಅಳೆಯೋದು ಹಂಗೆ. ತಲೆ ಆಡ್ತಿರೋ ಹಕ್ಕಿ ಯಾವ ಲೆನ್ಸಲ್ಲಿ ಶಾರ್ಪ್ ಬರತ್ತೆ ಹೇಳಿ? ನಾನೇ ಹೆದರ್ಸಿ ನಾನೇ ಮಬ್ಬು ಮಾಡ್ಕೊಂಡಿದ್ದೆ. ಎರಡನೇ ಸಲ ಹದಿನೈದು ಹೆಜ್ಜೆ ಹಿಂದೆ ಬಂದು, ಗೋಡೆ ಪಕ್ಕ ಅಕ್ಕಿ ಚೀಲ ಇಟ್ಕೊಂಡು, ಕ್ಯಾಮೆರಾ ಎತ್ತದೇ ಕೂತೆ. ಸ್ಟುಡಿಯೋ ಹುಡುಗ "ಅಣ್ಣ, ಬೆಳಕು ಹೋಗ್ತಿದೆ" ಅಂತ ಎರಡು ಸಲ ಅಂದ. ಅರ್ಧ ಗಂಟೆ ಆದ್ಮೇಲೆ ತಲೆ ಆಡ್ಸೋದು ನಿಲ್ತು, ಒಂದು ಕಾಲು ಎತ್ತಿ ಕೆನ್ನೆ ಕೆರ್ಕೊಳ್ತು, ಪುಕ್ಕ ಉಬ್ಬಿಸಿ ಕೂತ್ಕೊಳ್ತು, ಕಣ್ಣು ಅರ್ಧ ಮುಚ್ತು. ಆಗ 1/250 ಸಾಕಾಯ್ತು. ಹುಬ್ಬಿನ ಬಿಳಿ ಗರಿ ಒಂದೊಂದೂ ಬಂದಿದೆ, ಕಣ್ಣಿನ ಕಪ್ಪಲ್ಲಿ ಎದುರು ಮನೆ ತಾರಸಿ ಕಾಣತ್ತೆ.

ಹತ್ರದಿಂದ ಸಿಗ್ಲಿ ಅಂತ ಮರಕ್ಕೆ ಕಲ್ಲು ಹೊಡೆಯೋದು, ಫೋನಲ್ಲಿ ಕೂಗು ಹಾಕಿ ಕರೆಯೋದು, ರಾತ್ರಿ ಗೂಬೆ ಕಣ್ಣಿಗೆ ಫ್ಲ್ಯಾಶ್ ಹೊಡೆಯೋದು, ದಯವಿಟ್ಟು ಮಾಡ್ಬೇಡಿ. ಗೂಡಿಗಂತೂ ಕೈ ಹಚ್ಚಲೇಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಗೂಡು ಮೊಟ್ಟೆಗೆ ತೊಂದ್ರೆ ಕೊಡೋದೂ ಬೇಟೆ ಅನ್ನೋ ಪದದ ಒಳಗೇ ಬರತ್ತೆ.

ಮಿಂಚುಳ್ಳಿ ಇದ್ದಿದ್ರಲ್ಲಿ ಸಲೀಸು. ನೀರಿನ ಚಾನಲ್ ಮೇಲಿನ ವೈರಲ್ಲಿ ಕೂರತ್ತೆ, ನೀರಿಗೆ ಬಿದ್ದು ಎದ್ದು ಬಹಳ ಸಲ ಅದೇ ಜಾಗಕ್ಕೇ ವಾಪಸ್ ಬರತ್ತೆ, ಅದು ಹೋದಾಗ ವೈರಿನ ಮೇಲೆ ಫೋಕಸ್ ಇಟ್ಕೊಂಡು ಕಾದ್ರೆ ಆಯ್ತು. ಹಾರೋ ಫೋಟೋ ಬೇಕಾದ್ರೆ ಗಾಳಿ ಯಾವ ಕಡೆಯಿಂದ ಬರ್ತಿದೆ ನೋಡ್ಕೊಳ್ಳಿ, ಹಕ್ಕಿ ಸಾಮಾನ್ಯವಾಗಿ ಗಾಳಿಗೆ ಎದುರಾಗೇ ಏಳತ್ತೆ.

ಕ್ಯಾಲೆಂಡರ್ ಎರಡು ತಿಂಗ್ಳು ತಡವಾಗಿ ಅಚ್ಚಾಯ್ತು, ಅವ್ರು ತಾಳ್ಮೆಯಿಂದ ಕಾದ್ರು, ಅದಕ್ಕೆ ನಾನು ಋಣಿ. ವಾಪಸ್ ಬಂದಿದ್ದಕ್ಕೆಲ್ಲಾ ಹೊಸ ಫೋಟೋ ತೆಗ್ದೆ. ದೊಡ್ಡ ಬಾವಲಿದು ಮಾತ್ರ ಸಿಗ್ಲಿಲ್ಲ, ಅದರ ಜಾಗಕ್ಕೆ ಗುಬ್ಬಚ್ಚಿ ಹಾಕಿದ್ವಿ. ರೆಕ್ಕೆ ಬಿಚ್ಚಿದ್ರೆ ನಾಲ್ಕಡಿ ಬರೋ ಪ್ರಾಣಿ, ಆದ್ರೆ ಮರ ಬಿಟ್ಟು ಏಳೋದೇ ಬೆಳಕು ಸತ್ತ ಮೇಲೆ, 1/1000 ಇಟ್ರೆ ಪೂರ್ತಿ ಕಪ್ಪು, 1/125 ಇಟ್ರೆ ಮಸಿ ಬಳಿದಂಗೆ. ಈ ಭಾನುವಾರ ಪಡುವಣ ಕಡೆ ಮುಖ ಮಾಡಿ ನಿಂತು, ಆಕಾಶದಲ್ಲಿ ಕೆಂಪು ಇರೋವಾಗ್ಲೇ ಮೊದಲು ಏಳೋ ಒಂದೆರಡನ್ನ ನೆರಳಿನಾಕಾರದಲ್ಲಿ ಹಿಡಿಯೋಕೆ ನೋಡ್ತೀನಿ. ಮದ್ವೆ ಆರ್ಡರ್ ಇದೆ, ಸಂಜೆ ಐದಕ್ಕೆ ಬಿಡ್ತೀವಿ ಅಂದಿದ್ದಾರೆ.