ಬೇಸಿಲ್‌ನ ಜಿಪುಣತನಾನೇ ಕಥೆ

ನಿನ್ನೆ ರಾತ್ರಿ ಮತ್ತೆ ಫಾಲ್ಟಿ ಟವರ್ಸ್ ಅನ್ನೋ ಹಳೇ ಬ್ರಿಟಿಷ್ ಕಾಮಿಡಿ ಸೀರಿಯಲ್ ಹಾಕ್ಕೊಂಡು ಕೂತೆ, ನಿದ್ದೆ ಕೆಟ್ಟಿದ್ದೇ ಬಂತು. 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು ಹನ್ನೆರಡೇ ಎಪಿಸೋಡು ಕಣ್ರೀ! ನಮ್ ಸೀರಿಯಲ್‌ಗಳಲ್ಲಿ ಅಷ್ಟರೊಳಗೆ ಒಂದು ನಿಶ್ಚಿತಾರ್ಥಾನೂ ಮುಗಿಯಲ್ಲ.

ಅದರಲ್ಲಿ ಹೋಟೆಲ್ ನಡೆಸೋ ಬೇಸಿಲ್‌ಗೆ ದೊಡ್ಡವರ ಮುಂದೆ ಹಲ್ಲು ಗಿಂಜೋ ಚಟ, ಹೆಂಡ್ತಿ ಸಿಬಿಲ್ ಅಂದ್ರೆ ನಡುಕ, ಆಮೇಲೆ ವಿಪರೀತ ಜಿಪುಣ. ಹೋಟೆಲಲ್ಲಿ ಸ್ಪೆಷಲ್ ಊಟ ಇಟ್ಕೊಳ್ಳೋ ಆ ಗೂರ್ಮೇ ನೈಟ್ ಎಪಿಸೋಡೇ ತಗೊಳ್ಳಿ, ಕಾರು ಕೆಟ್ಟಿದೆ ಗ್ಯಾರೇಜಿಗೆ ಬಿಡು ಅಂತ ಹೆಂಡ್ತಿ ಶುರುವಲ್ಲೇ ಹೇಳಿರ್ತಾಳೆ, ಇವನು ದುಡ್ಡುಳಿಸೋಕೆ ತಾನೇ ರಿಪೇರಿ ಮಾಡ್ತಾ ಕೂರ್ತಾನೆ, ನಾವೂ ಅದನ್ನ ಮರ್ತೇ ಬಿಟ್ಟಿರ್ತೀವಿ. ಆಮೇಲೆ ದೊಡ್ಡ ಗೆಸ್ಟ್‌ಗಳು ಬಂದು ಕೂತಿರೋ ಹೊತ್ತಲ್ಲಿ ಅಡುಗೆಯವನು ಕುಡಿದು ಬಿದ್ದಿರ್ತಾನೆ, ಬೇರೆ ಹೋಟೆಲಿಂದ ಬಾತುಕೋಳಿ ತರೋಕೆ ಇವನೇ ಓಡ್ಬೇಕು, ಮೊದಲನೇದು ನೆಲದ ಪಾಲು, ಎರಡನೇ ಸಲ ನಡುರಸ್ತೇಲಿ ಕಾರು ನಿಂತೇ ಹೋಗುತ್ತೆ. ಅದಕ್ಕೆ ವಾರ್ನಿಂಗ್ ಕೊಟ್ಟು, ಹೋಗಿ ಮರದ ಕೊಂಬೆ ತಂದು ಬಾರಿಸ್ತಾನೆ ನೋಡಿ, ತಪ್ಪು ಮಾಡಿದ್ದು ಕಾರೇ ಅನ್ನೋ ಥರ.

ಕೊನೆಗೆ ಗೆಸ್ಟ್‌ಗಳ ಮುಂದೆ ತಟ್ಟೆ ಮುಚ್ಚಳ ಎತ್ತಿದ್ರೆ ಬಾತುಕೋಳಿ ಇಲ್ಲ, ಕೆನೆ ಹಾಕಿದ ಟ್ರೈಫಲ್ ಅನ್ನೋ ಸಿಹಿ ತಿಂಡಿ! ಎಲ್ರೂ ಅಲ್ಲಿ ಮುಚ್ಚಳ ತೆಗೆದಾಗ ನಕ್ಕು ಸುಮ್ನಾಗ್ತಾರೆ, ನಂಗೆ ಇಷ್ಟ ಆಗೋದು ಅದಾದ್ಮೇಲಿಂದು. ಸೋಲು ಒಪ್ಪಲ್ಲ ಆಸಾಮಿ, ಕೆನೆಯೊಳಗೆ ಕೈ ಹಾಕಿ ಕೋಳಿ ಹುಡುಕ್ತಾನೆ.

(ನಾನೂ ಮೆಕ್ಯಾನಿಕ್‌ಗೆ ಇನ್ನೂರು ರೂಪಾಯಿ ಉಳಿಸೋಕೆ ಹೋಗಿ ಸ್ಕೂಟರ್ ತಳ್ಕೊಂಡು ಬಂದವನೇ, ಕೊಂಬೆ ಒಂದು ಸಿಕ್ಕಿರ್ಲಿಲ್ಲ.)